ಕೆಂಪು ರಬ್ಬರಿನ ಬಾಟಲಿ

ಪುಕ್ಕಟೆಯಾಗಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ, ಕೆಟ್ಟಿದೆ ಎಂದು ನಾಲಗೆ ಸಾರಿ ಹೇಳಿದ್ದನ್ನೂ ನೀವು ಎಷ್ಟು ಸಲ ತುಟಿ ಬಿಚ್ಚದೆ ನುಂಗಿದ್ದೀರಿ? ನುಂಗಿದ್ದಷ್ಟೇ ಅಲ್ಲ, ಮೇಲೆ "ತುಂಬಾ ಚೆನ್ನಾಗಿದೆ" ಎಂದು ನಕ್ಕೂ ಇದ್ದೀರಿ. ಡೈರಿಯಮ್ಮ ನುಂಗಲಿಲ್ಲ. ವಿಹಾರದ ಹಡಗಿನ ಭೋಜನಶಾಲೆಯಲ್ಲಿ, ಪ್ರಯಾಣದ ಮೂರನೆಯ ಮಧ್ಯಾಹ್ನ, ಕೆಂಪು ವೈನಿನ ಲೋಟವನ್ನು ಮೂಗಿನವರೆಗೆ ಎತ್ತಿದವರು ಅಲ್ಲಿಂದಲೇ ಕೆಳಗಿಳಿಸಿದರು.

"ಇದು ನಿನ್ನೆ ತೆರೆದದ್ದು," ಎಂದರು.

ಬಡಿಸುತ್ತಿದ್ದವನ ಕೈ ಬಾಟಲಿಯ ಮೇಲೇ ನಿಂತಿತು. ನಲವತ್ತು ದಾಟಿದ ಮನುಷ್ಯ. ಕಪ್ಪು ಕೋಟು, ಮುಂಗೈ ಮೇಲೆ ಮಡಿಸಿದ ಬಿಳಿ ಬಟ್ಟೆ. ಅವನ ಪಕ್ಕದ ತಳ್ಳುಗಾಡಿಯ ಮೇಲೆ ಮೂರು ಎಂಬ ಹಿತ್ತಾಳೆಯ ಅಂಕಿ ಹೊಳೆಯುತ್ತಿತ್ತು.

"ಅತ್ತಿಗೆ, ಸುಮ್ನಿರಿ." ಎದುರು ಕುಳಿತಿದ್ದ ನಾದಿನಿ ಮೇಜಿನಡಿ ಕಾಲು ತುಳಿದಳು. "ಜನ ನೋಡ್ತಿದಾರೆ. ಬಿಟ್ಟಿ ವೈನಿಗೆ ಯಾರಾದ್ರೂ ಹೀಗೆ ಮೂಗು ಮುರೀತಾರಾ?"

"ಬಿಟ್ಟಿ ಯಾಕಾಗುತ್ತೆ? ಎಲ್ಲಾ ಟಿಕೆಟ್ಟಲ್ಲೇ ಸೇರಿದೆ ಅಂತ ಹತ್ತು ಸಲ ಓದಿ ಹೇಳಿದೋಳು ನೀನೇ ಅಲ್ವಾ?"

"ಹೇಳಿದೆ, ನನ್ನದೇ ತಪ್ಪು. ಜೀವಮಾನವೆಲ್ಲ ಹಾಲು ಮೂಸಿದ ಮೂಗು ಅದು. ಅದಕ್ಕೇನ್ರೀ ಗೊತ್ತು ವೈನು?"

ಮೂಸಿದ್ದು ನಿಜ. ಹಾಲಿನ ಕೇಂದ್ರದ ಕಟ್ಟೆಯ ಮೇಲೆ ಮೂವತ್ತನಾಲ್ಕು ವರ್ಷ, ಬೆಳಕು ಹರಿಯುವ ಮುನ್ನ ಸಾಲಾಗಿ ಬಂದು ನಿಲ್ಲುವ ಕ್ಯಾನುಗಳ ಮುಚ್ಚಳವನ್ನು ಒಂದೊಂದಾಗಿ ಎತ್ತಿ, ಮುಚ್ಚಳದೊಳಗಿನ ಉಸಿರನ್ನು ಒಂದೇ ಒಂದು ಸಲ ಮೂಗಿಗೆ ಎಳೆದು, "ಒಳಗೆ" ಅಥವಾ "ವಾಪಸ್" ಎನ್ನುವುದು ಅವರ ಕೆಲಸವಾಗಿತ್ತು. ಯಂತ್ರಗಳು ಬಂದ ಮೇಲೂ ಯಂತ್ರ ತಡವರಿಸಿದಾಗ ಕರೆಯುತ್ತಿದ್ದುದು ಅವರನ್ನೇ. ಗಂಡ ತೀರಿಕೊಂಡ ಮೇಲೆ ಮನೆಯ ಹೊಸಿಲು ದಾಟದಿದ್ದ ಅವರನ್ನು ಮೂರು ಬಟ್ಟೆ ಅಂಗಡಿಗಳ ಒಡತಿಯಾದ ನಾದಿನಿ ಹೆಚ್ಚುಕಡಿಮೆ ಎಳೆದುಕೊಂಡೇ ಬಂದಿದ್ದಳು. ಹಡಗು ಹತ್ತುವವರೆಗೆ ಅವರು ವೈನಿನ ರುಚಿ ನೋಡಿದವರಲ್ಲ. ಮೊದಲ ದಿನ ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಕಟ್ಟೆಯಲ್ಲಿ ಹಾಲಿನ ರುಚಿ ನೋಡಿ ಉಗುಳುತ್ತಿದ್ದ ಹಾಗೆಯೇ ನೀಟಾಗಿ ಖಾಲಿ ಲೋಟಕ್ಕೆ ಉಗುಳಿದಾಗ ನಾದಿನಿ ಮುಖ ಮುಚ್ಚಿಕೊಂಡಿದ್ದಳು.

"ಅಮ್ಮಾ, ಬೇರೆ ತರ್ತೀನಿ," ಎಂದು ಬಡಿಸುವವನು ಇನ್ನೊಂದು ಬಾಟಲಿ ತಂದ. ಅದರ ವಾಸನೆ ನಿರ್ಮಲವಾಗಿತ್ತು.

"ಇದು ಸರಿಯಾಗಿದೆ. ಹಾಗಾದ್ರೆ ಅದನ್ನ ಯಾಕೆ ತಂದ್ರಿ? ನಿಮಗೆ ಗೊತ್ತಾಗ್ಲಿಲ್ವಾ?"

ಅವನು ನೆಲ ನೋಡಿದ. "ತಪ್ಪಾಯ್ತಮ್ಮಾ."

ಆ ಮಾತು ಡೈರಿಯಮ್ಮನವರಿಗೆ ಚೆನ್ನಾಗಿ ಪರಿಚಿತವಾದದ್ದು. ಕಟ್ಟೆಯ ಮೇಲೆ ನೆಲ ನೋಡಿ ತಪ್ಪಾಯ್ತೆನ್ನುತ್ತಿದ್ದವರು ನೀರು ಬೆರೆಸಿದವರೇ. ಅವರು ಮೇಜಿನ ನಡುವೆ ಇರಿಸಿದ್ದ ದೂರಿನ ಕಾರ್ಡನ್ನು ಎಳೆದುಕೊಂಡು, ದಾಖಲೆ ಪುಸ್ತಕಗಳಲ್ಲಿ ಪಳಗಿದ ನೆಟ್ಟನೆಯ ಅಕ್ಷರಗಳಲ್ಲಿ ಬರೆದರು: "ಮೂರನೆಯ ಗಾಡಿಯವರು ತಿಳಿದೂ ತಿಳಿದೂ ಕೆಟ್ಟ ವೈನ್ ಬಡಿಸಿದ್ದಾರೆ." ರುಜು ಹಾಕಿ, ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಿ ಬಂದು, ಉಳಿದ ಊಟವನ್ನು ನೆಮ್ಮದಿಯಿಂದ ಮುಗಿಸಿದರು.

ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ವೈನ್ ವಿಭಾಗದ ಮುಖ್ಯಸ್ಥ ಅವರ ಕೋಣೆಗೇ ಬಂದ. ಎದೆಯ ಮೇಲೆ ಬೆಳ್ಳಿಯ ದ್ರಾಕ್ಷಿಗೊಂಚಲಿನ ಬಿಲ್ಲೆ, ಕೈಯಲ್ಲಿ ಎರಡು ಬಾಟಲಿಗಳ ಬುಟ್ಟಿ, ಬಾಯಲ್ಲಿ ಬೇಕಾದಷ್ಟು ಬೆಣ್ಣೆ.

"ಮೇಡಂ, ನಿಮ್ಮಂಥ ಪರಿಣತರು ನಮ್ಮ ಹಡಗಿಗೆ ಬಂದದ್ದೇ ನಮ್ಮ ಭಾಗ್ಯ. ಇದು ಕಂಪನಿಯ ಕಡೆಯಿಂದ ಒಂದು ಸಣ್ಣ ಕಾಣಿಕೆ. ನಾಳೆ ಬೆಳಿಗ್ಗೆ ಬಂದರು ಸಿಗುತ್ತೆ. ಆ ಮನುಷ್ಯನನ್ನ ಅಲ್ಲೇ ಇಳಿಸಿ ಮನೆಗೆ ಕಳಿಸ್ತೀವಿ."

"ಇಳಿಸ್ತೀರಾ?"

"ಹನ್ನೊಂದು ವರ್ಷದ ನೌಕರ. ಆದ್ರೆ ಅತಿಥಿಗಿಂತ ಯಾರೂ ದೊಡ್ಡೋರಲ್ಲ ಮೇಡಂ. ಇವತ್ತು ಮಧ್ಯಾಹ್ನ ಉಚಿತ ವೈನುಗಳ ಆಯ್ಕೆ ಇದೆ. ಆರರಲ್ಲಿ ಎರಡನ್ನ ಅತಿಥಿಗಳೇ ಆರಿಸಬೇಕು, ಉಳಿದ ನಾಲ್ಕು ದಿನ ಅದನ್ನೇ ಬಡಿಸ್ತೀವಿ. ನೀವು ಮುಂದಿನ ಸಾಲಲ್ಲಿ ಕೂರಲೇಬೇಕು."

ಅವನು ಹೋದ ಮೇಲೆ ನಾದಿನಿ ಬಾಟಲಿಗಳನ್ನು ಎತ್ತಿ ಬೆಳಕಿಗೆ ಹಿಡಿದಳು. "ನೋಡಿದ್ರಾ, ನಿಮ್ಮ ಮೂಗಿಗೆ ಬಹುಮಾನ! ಇನ್ಮೇಲೆ ಎಲ್ಲಾ ಕಡೆ ಮೂಸ್ಕೊಂಡೇ ಬನ್ನಿ."

ಡೈರಿಯಮ್ಮ ನಗಲಿಲ್ಲ. ಹನ್ನೊಂದು ವರ್ಷ ಎಂಬ ಮಾತು ಎಲ್ಲೋ ಚುಚ್ಚಿತು. ಆದರೂ ತಪ್ಪು ತಪ್ಪೇ ಎಂದು ತಮಗೆ ತಾವೇ ಹೇಳಿಕೊಂಡು ಹಾಸಿಗೆಯ ಹೊದಿಕೆಯನ್ನು ಇನ್ನೊಮ್ಮೆ ಸರಿಪಡಿಸಿದರು.

ಕಟ್ಟೆಗೆ ಲಾರಿಗಳಿಗಿಂತ ಮೊದಲೇ ಹೋಗಿ ನಿಲ್ಲುವುದು ಅವರ ಹಳೆಯ ಅಭ್ಯಾಸ. ಆಯ್ಕೆಯ ಸಭೆಗೂ ಅವರು ಅರ್ಧ ಗಂಟೆ ಮುಂಚೆಯೇ ಹೋದರು. ಹಜಾರ ಇನ್ನೂ ಖಾಲಿ. ಬದಿಯ ಉಗ್ರಾಣದ ಬಾಗಿಲು ತೆರೆದಿತ್ತು. ಒಳಗೆ ಏಪ್ರನ್ ಕಟ್ಟಿಕೊಂಡ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಕುಳಿತು, ಅರ್ಧ, ಮುಕ್ಕಾಲು ಉಳಿದ ಬಾಟಲಿಗಳಿಗೆ ಬಿರಡೆ ಒತ್ತಿ, ಕೊರಳಿಗೆ ಒಂದೊಂದು ಕೆಂಪು ರಬ್ಬರ್ ಬ್ಯಾಂಡು ಸಿಕ್ಕಿಸುತ್ತಿದ್ದಳು.

"ಇದ್ಯಾಕಮ್ಮಾ ರಬ್ಬರು?"

"ನಿನ್ನೆದು ಅಂತ ಗುರುತು," ಉಗ್ರಾಣದವಳು ತಲೆ ಎತ್ತದೆ ಹೇಳಿದಳು. "ಇವೇ ಮೊದಲು ಹೋಗ್ಬೇಕು."

"ಯಾರಿಗೆ?"

"'ಯಾವುದಾದ್ರೂ ಪರವಾಗಿಲ್ಲಪ್ಪಾ' ಅಂತಾರಲ್ಲ, ಅವರಿಗೆ." ಅವಳಿಗೇ ನಗು ಬಂತು. "ಪಟ್ಟಿ ನೋಡಿ ಹೆಸರು ಹಿಡಿದು ಕೇಳೋರಿಗೆ ಹೊಸದು. ಮೆನು ಮಡಿಸಿಟ್ಟು ತಲೆ ಆಡಿಸೋರಿಗೆ ಇದು. ಗಾಡಿಗಿಷ್ಟು ಅಂತ ನಾನೇ ಇಟ್ಟು ಕಳಿಸ್ತೀನಿ, ಖಾಲಿ ಆಗೇ ವಾಪಸ್ ಬರ್ಬೇಕು. ಚೆಲ್ಲಿದ್ರೆ ಬಡಿಸೋರ ತಲೆ ಮೇಲೆ ಬರುತ್ತೆ."

"ಇದು ಯಾರ ಅಪ್ಪಣೆ?"

ಉಗ್ರಾಣದವಳು ಬೆರಳಿನಿಂದ ತನ್ನ ಎದೆಯ ಮೇಲೆ, ಮುಖ್ಯಸ್ಥನ ಬಿಲ್ಲೆ ಇರುವ ಜಾಗವನ್ನು ಎರಡು ಸಲ ತಟ್ಟಿ ತೋರಿಸಿದಳು.

ಡೈರಿಯಮ್ಮ ಹೊರಬಂದು ಕೈಗೆ ಸಿಕ್ಕಿದ ಕುರ್ಚಿಯ ಮೇಲೆ ಕುಳಿತರು. ಕಟ್ಟೆಯ ಮೇಲೆ ಲೆಕ್ಕ ಸರಳವಾಗಿತ್ತು: ಹಾಲು ಕರೆದವನೇ ಕ್ಯಾನು ಹೊತ್ತು ತರುತ್ತಿದ್ದ, ನೀರು ಬೆರೆಸಿದ ಕೈಯೇ ಮುಚ್ಚಳ ತೆರೆಯುತ್ತಿತ್ತು. ಆ ಲೆಕ್ಕವನ್ನೇ ಹಡಗಿಗೂ ತಂದು, ಹೊತ್ತು ತಂದವನ ಕೊರಳು ಹಿಡಿದುಬಿಟ್ಟಿದ್ದರು. ಮೂಗು ತಪ್ಪಿರಲಿಲ್ಲ, ತಪ್ಪಿದ್ದು ಬೆರಳು ತೋರಿಸಿದ ದಿಕ್ಕು. ಮೂವತ್ತನಾಲ್ಕು ವರ್ಷಗಳಲ್ಲಿ ಒಂದು ಕ್ಯಾನನ್ನೂ ಅನ್ಯಾಯವಾಗಿ ಹಿಂದಕ್ಕೆ ಕಳಿಸಿಲ್ಲವೆಂಬ ಹೆಮ್ಮೆಯವರು, ಈಗ ಒಬ್ಬ ಮನುಷ್ಯನನ್ನು ಹಿಂದಕ್ಕೆ ಕಳಿಸಲು ಹೊರಟಿದ್ದರು.

ನಾದಿನಿ ಬಂದಾಗ ಎಲ್ಲವನ್ನೂ ಹೇಳಿದರು. "ನಿನ್ನೆ 'ಯಾವುದಾದ್ರೂ ಕೊಡಪ್ಪಾ' ಅಂದೋಳು ಯಾರು?"

"ನಾನೇ." ನಾದಿನಿಯ ಮುಖ ಕೆಂಪಾಯಿತು. "ಹೆಸರು ಓದೋಕೆ ಬರ್ದೆ ನಗೆಪಾಟಲಾಗ್ತೀನಿ ಅಂತ ಹಾಗಂದೆ. ಹೋಗ್ಲಿ, ಕಾರ್ಡು ವಾಪಸ್ ಇಸ್ಕೊಳ್ಳಿ. ಮುಗೀತು."

ಡೈರಿಯಮ್ಮ ನೇರವಾಗಿ ಮುಖ್ಯಸ್ಥನ ಬಳಿ ಹೋಗಿ ಕೇಳಿದರು. ಅವನು ವಿನಯದಿಂದ ತಲೆ ಬಾಗಿಸಿದ. "ಅದು ಆಗಲೇ ಕಂಪನಿಗೆ ಹೋಗಿದೆ ಮೇಡಂ. ಬರೆದದ್ದು ಬರೆದದ್ದೇ."

"ಹಾಗಾದ್ರೆ ಇನ್ನೊಂದು ಬರೀತೀನಿ," ಎಂದು ಅವರು ಮುಂದಿನ ಸಾಲಿಗೆ ಹೋಗಿ ಕುಳಿತರು.

ಹಜಾರದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸೇರಿದರು. ಬಿಳಿ ಹಾಸಿನ ಮೇಲೆ ಆರು ಬಾಟಲಿಗಳು ಅರಸರಂತೆ ನಿಂತಿದ್ದವು. ಪ್ರತಿ ಮೇಜಿಗೂ ಒಂದೊಂದು ಹಾಳೆ: ಮೇಲೆ "ನಿಮ್ಮ ಆಯ್ಕೆ" ಎಂಬ ಶೀರ್ಷಿಕೆ, ಕೆಳಗೆ ಎರಡು ಗೆರೆ, ಅದರ ಕೆಳಗೆ ರುಜುಗಳಿಗೆ ಜಾಗ. ಮೂರನೆಯ ಗಾಡಿಯವನು ಕೊನೆಯ ಸಲಕ್ಕೆಂಬಂತೆ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದ. ಮುಖ್ಯಸ್ಥ ಬೆಟ್ಟದ ಇಳಿಜಾರು, ಬಿಸಿಲು, ಮಣ್ಣಿನ ಗುಣ ಎಂದು ಬಣ್ಣಿಸತೊಡಗಿದಾಗ ಡೈರಿಯಮ್ಮ ಎದ್ದು ನಿಂತರು.

"ಒಂದ್ನಿಮಿಷ. ಆರು ಸಾಲ್ದು. ಏಳನೇದೂ ಇದೆ."

ಯಾರಾದರೂ ತಡೆಯುವ ಮುನ್ನವೇ ಅವರು ಉಗ್ರಾಣಕ್ಕೆ ನಡೆದು, ಆರರಲ್ಲಿ ಒಂದರದ್ದೇ ಹೆಸರಿನ, ಕೊರಳಿಗೆ ಕೆಂಪು ರಬ್ಬರಿದ್ದ ಎರಡು ಬಾಟಲಿಗಳನ್ನು ತಂದು ಮೇಜಿನ ಮೇಲೆ ಇಟ್ಟರು. "ಅಪ್ಪಾ, ಎಲ್ಲಾ ಮೇಜಿಗೂ ಎರಡೆರಡು ಲೋಟ. ಒಂದು ಇದರದ್ದು, ಒಂದು ಹೊಸದರದ್ದು."

ಬಡಿಸುವವನು ಮುಖ್ಯಸ್ಥನ ಕಡೆ ನೋಡಿದ. ಆಮೇಲೆ ಡೈರಿಯಮ್ಮನವರ ಕಡೆ ನೋಡಿದ. ಬಾಟಲಿ ಎತ್ತಿಕೊಂಡ.

"ನಂಗೆ ಇದೆಲ್ಲ ಏನೂ ಗೊತ್ತಾಗಲ್ಲ ಕಣ್ರೀ," ಟೋಪಿ ಹಾಕಿದ್ದ ದಪ್ಪನೆಯ ಪ್ರಯಾಣಿಕನೊಬ್ಬ ಕೈ ಆಡಿಸಿದ.

"ಮೂಗಿದೆಯಲ್ಲ?"

"ಇದೆ. ಆದ್ರೆ ಗೊರಕೆಗೆ ಮಾತ್ರ ಉಪಯೋಗ," ಎಂದು ಅವನ ಹೆಂಡತಿ ಹೇಳಿದಾಗ ಹಜಾರವೆಲ್ಲ ನಕ್ಕಿತು.

"ಇವತ್ತು ಇನ್ನೊಂದಕ್ಕೂ ಉಪಯೋಗ ಆಗ್ಲಿ." ಡೈರಿಯಮ್ಮ ಕಟ್ಟೆಯ ಮೇಲೆ ಹೊಸ ಹುಡುಗಿಯರಿಗೆ ಕಲಿಸುತ್ತಿದ್ದ ದನಿಯಲ್ಲೇ ಹೇಳಿದರು: "ಅಂಗೈಯಿಂದ ಲೋಟದ ಬಾಯಿ ಮುಚ್ಚಿ. ಒಂದು ಸುತ್ತು ತಿರುಗಿಸಿ. ಕೈ ತೆಗೆದ ಕೂಡ್ಲೇ ಒಂದೇ ಉಸಿರು. ಎರಡನೇ ಉಸಿರಿಗೆ ಮೂಗು ಸುಳ್ಳು ಹೇಳುತ್ತೆ, ನಂಬಬೇಡಿ. ಈಗ ಇನ್ನೊಂದು ಲೋಟ."

ನಲವತ್ತು ಮೂಗುಗಳು ಬಾಗಿದವು. ಒಂದು ಲೋಟದಲ್ಲಿ ಆಗತಾನೆ ಬಿಡಿಸಿದ ಹಣ್ಣಿನ ವಾಸನೆ. ಇನ್ನೊಂದರಲ್ಲಿ ಕತ್ತರಿಸಿಟ್ಟು ಮರೆತ ಸೇಬಿನ ಹೋಳು, ಅದರ ಹಿಂದೆ ಗಂಟಲು ಕೆರೆಯುವ ತೆಳ್ಳನೆಯ ಹುಳಿ. ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ.

"ಅಯ್ಯೋ ಶಿವನೇ," ಟೋಪಿಯವನು ಲೋಟ ಇಳಿಸಿದ. "ಮೂರು ದಿನದಿಂದ ನಾನು ಇದನ್ನೇ ಕುಡೀತಿದೀನಿ! ವೈನ್ ಅಂದ್ರೆ ಹೀಗೇ ಇರುತ್ತೆ ಅಂದ್ಕೊಂಡಿದ್ದೆ."

ಮುಖ್ಯಸ್ಥ ಮುಂದೆ ಬಂದ. "ಕ್ಷಮಿಸಬೇಕು. ಇದು ಒಬ್ಬ ನೌಕರ ಮಾಡಿದ ತಪ್ಪು. ಅವನ ಮೇಲೆ ಆಗಲೇ ಕ್ರಮ—"

"ಅವರದ್ದೇ ತಪ್ಪಾದ್ರೆ ಈ ರಬ್ಬರು ಕಟ್ಟಿಸಿದ್ದು ಯಾರು?"

"ಅದು ಎಲ್ಲಾ ಕಡೆ ಇರೋ ಪದ್ಧತಿ ಮೇಡಂ!" ಅವನ ದನಿ ಏರಿತು. "ಗೊತ್ತಿಲ್ಲದೋರಿಗೆ ಒಳ್ಳೇದು ಸುರಿದು ಏನ್ ಪ್ರಯೋಜನ ಹೇಳಿ?"

ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳಲು ಅವನಿಗೆ ಸಮಯ ಸಿಗಲಿಲ್ಲ. ಗೊತ್ತಿಲ್ಲದವರೆಲ್ಲ ಅವನನ್ನೇ ನೋಡುತ್ತಿದ್ದರು.

ಡೈರಿಯಮ್ಮ ಬಡಿಸುವವನ ಕಡೆ ತಿರುಗಿದರು. "ನಿಮ್ಮ ಮೇಲೆ ಬರೆದೋಳು ನಾನು. ಒಂದು ಮಾತೂ ಕೇಳದೆ ಬರೆದುಬಿಟ್ಟೆ. ತಪ್ಪು ನನ್ನದು."

"ನೀವು ಬರೆದದ್ದರಲ್ಲಿ ಸುಳ್ಳೇನಿಲ್ಲಮ್ಮಾ." ಅವನು ಈ ಸಲ ನೆಲ ನೋಡಲಿಲ್ಲ. "ಗೊತ್ತಿದ್ದೇ ಸುರಿದೆ. ಮೊದಲ ವರ್ಷ ಕದ್ದು ಸಿಂಕಿಗೆ ಚೆಲ್ತಿದ್ದೆ. ಬೈಸಿಕೊಂಡ್ರೂ ಚೆಲ್ತಿದ್ದೆ. ಆಮೇಲೆ ಬಿಟ್ಟೆ."

"ಯಾಕೆ ಬಿಟ್ರಿ?"

"ಕುಡಿದೋರು ಯಾರೂ ಏನೂ ಅನ್ಲಿಲ್ಲ."

ಡೈರಿಯಮ್ಮ ಕುಳಿತು ಹಾಳೆಯನ್ನು ಮುಂದಕ್ಕೆ ಎಳೆದುಕೊಂಡರು. "ನಿಮ್ಮ ಆಯ್ಕೆ" ಎಂಬುದರ ಕೆಳಗಿನ ಮೊದಲ ಗೆರೆಯಲ್ಲಿ ಬರೆದರು: "ಎಲ್ಲ ಮೇಜಿಗೂ ಅಂದೇ ತೆರೆದ ಬಾಟಲಿ." ಎರಡನೆಯದರಲ್ಲಿ: "ಮೂರನೆಯ ಗಾಡಿಯವರು ಹಡಗಿನಲ್ಲೇ ಉಳಿಯತಕ್ಕದ್ದು. ಅವರ ಮೇಲಿನ ನನ್ನ ದೂರು ತಪ್ಪು."

"ಕೊಡಿ ಇಲ್ಲಿ," ನಾದಿನಿ ಹಾಳೆಯನ್ನು ಕಿತ್ತುಕೊಂಡಳು. ಹರಿದುಹಾಕುತ್ತಾಳೇನೋ ಎಂದು ಡೈರಿಯಮ್ಮ ಕೈ ಚಾಚಿದರು. ಅವಳು ಅಂಗಡಿಯ ಕಾಗದಗಳ ಮೇಲೆ ಗೀಚುವ ಅಗಲವಾದ ರುಜುವನ್ನು ಅರ್ಧ ಸಾಲಿನುದ್ದಕ್ಕೆ ಎಳೆದಳು. "ಹಳೇ ಸ್ಟಾಕು ನಾನೂ ತಳ್ತೀನಿ ಸ್ವಾಮೀ," ಎಂದು ಮುಖ್ಯಸ್ಥನಿಗೆ ಕೇಳುವಂತೆ ಹೇಳಿದಳು. "ಆದ್ರೆ ಹಳೇದು ಅಂತ ಹೇಳಿ ತಳ್ತೀನಿ."

ಹಾಳೆ ಮುಂದಿನ ಮೇಜಿಗೆ ಹೋಯಿತು. ಟೋಪಿಯವನು ರುಜು ಹಾಕಿದ, ಹೆಂಡತಿ ಅವನಿಗಿಂತ ದೊಡ್ಡದಾಗಿ ಹಾಕಿದಳು. ಒಬ್ಬ ವೃದ್ಧ ಕನ್ನಡಕ ಹುಡುಕಿಕೊಂಡು ಎರಡೂ ಗೆರೆಗಳನ್ನು ಓದಿಯೇ ಹಾಕಿದ. ಇನ್ನೊಬ್ಬಳು "ನಮಗ್ಯಾಕೆ ಊರ ಉಸಾಬರಿ" ಎಂದು ಮುಂದಕ್ಕೆ ತಳ್ಳಿದವಳು, ತನ್ನ ಲೋಟವನ್ನು ಇನ್ನೊಮ್ಮೆ ಮೂಸಿ ನೋಡಿ, ಹಾಳೆಯನ್ನು ವಾಪಸ್ ಕೇಳಿದಳು. ಬೆಳಗಾದರೆ ಬಂದರು ಸಿಗುತ್ತದೆ. ಅಲ್ಲಿ ಕಂಪನಿಯ ಅಧಿಕಾರಿಯೊಬ್ಬ ಹಡಗು ಹತ್ತುತ್ತಾನೆ, ಹತ್ತಿದ ಕೂಡಲೇ ಹಾಳೆ ಅವನ ಕೈ ಸೇರಬೇಕು. ಮುಖ್ಯಸ್ಥ ಬಾಗಿಲ ಬಳಿ ಕೈ ಕಟ್ಟಿ ನಿಂತು, ಅದು ಮೇಜಿನಿಂದ ಮೇಜಿಗೆ ಸಾಗುವುದನ್ನು ನೋಡುತ್ತಿದ್ದ.

ಕೊನೆಯ ಮೇಜಿನ ಮೇಲೆ ಸಂಜೆಯ ಬಿಸಿಲು ಬಿದ್ದಿದೆ. ಎರಡು ಲೋಟಗಳಲ್ಲೂ ಒಂದೇ ಕೆಂಪು. ರುಜುಗಳ ಸಾಲು ಮುಗಿದ ಕಡೆ ಗೇಣಗಲದ ಬಿಳಿ ಜಾಗ ಉಳಿದಿದೆ, ಅದರ ಎದುರಿನ ಕುರ್ಚಿ ಖಾಲಿ ಇದೆ. ಹಡಗಿನ ಓಲಾಟಕ್ಕೆ ಪೆನ್ನು ಮೆಲ್ಲಗೆ ಮೇಜಿನ ಅಂಚಿನತ್ತ ಉರುಳುತ್ತಿದೆ. ಅದು ಬೀಳುವ ಮುನ್ನ ಎತ್ತಿಕೊಳ್ಳಿ, ಓದುಗರೇ. ಕುಳಿತು ನಿಮ್ಮ ರುಜು ಹಾಕಿ.