ಹಟ್ಟಿಯಲ್ಲಿ ಕಟ್ಟಿದ ಕರು

ವಯರ್‌ಲೆಸ್ಸಿನಲ್ಲಿ ಇನ್ನೊಬ್ಬ ಚಾಲಕ ಒಚೋಲನ ದನಿ ಬಂದಾಗ ಬೆಳಗಿನ ಏಳು ಗಂಟೆ.

"ದೊಡ್ಡತಲೆಗಳು ಮೂರು, ಹೊಳೆ ತಿರುವಲ್ಲಿ. ಬಿಸಿಬಿಸಿ ಊಟ ನಡೀತಿದೆ. ಏ ಮಸಾಯಿ ದೊರೆ, ನಿನ್ನ ನೆಂಟ್ರು ಕಣೋ, ಬೇಗ ಬಾ."

ದೊಡ್ಡತಲೆ ಅನ್ನುವುದು ಸಿಂಹಗಳಿಗೆ ನೈರೋಬಿಯ ವ್ಯಾನ್ ಚಾಲಕರು ಇಟ್ಟುಕೊಂಡ ಹೆಸರು. ದನ ಕಾಯುವ ಮಸಾಯಿ ಕುಲದ ಕೊಯ್ನೆತ್ ತನ್ನ ವ್ಯಾನು ತಿರುಗಿಸಿದ. ಹಿಂದಿದ್ದ ವಿದೇಶಿ ದಂಪತಿ ಮೇಲಿನ ಕಿಂಡಿಯಿಂದ ತಲೆ ಹೊರಹಾಕಿ ಕ್ಯಾಮೆರಾ ಹಿಡಿದರು.

ಆಗಲೇ ಏಳು ವ್ಯಾನುಗಳು ಸುತ್ತುಗಟ್ಟಿದ್ದವು. ನಡುವೆ ಮೂರು ಸಿಂಹಿಣಿಗಳ ಬಾಯಡಿ ಬಿದ್ದದ್ದು ಹಸು. ಬೂದು ಮೈ, ಬಿಳಿ ಹೊಟ್ಟೆ, ಎಡಗಿವಿಯಲ್ಲಿ ಎರಡು ಕಚ್ಚು. ಆ ಕಚ್ಚು ಹಾಕಿದವನು ಕೊಯ್ನೆತನೇ.

ಹಸು ಇಲ್ಲಿದ್ದರೆ ಅಪ್ಪನೂ ಇಲ್ಲೇ ಇರಬೇಕು. ಹಟ್ಟಿಯ ಮಿಕ್ಕವರೆಲ್ಲ ಮಂದೆ ಹೊಡೆದುಕೊಂಡು ದೂರದ ಬೆಟ್ಟಕ್ಕೆ ಹೋಗಿದ್ದರು. ಕರು ಹಾಕಿ ಹತ್ತು ದಿನವಾಗಿದ್ದ ಇದೊಂದಕ್ಕಾಗಿ ಅಪ್ಪ ಉಳಿದಿದ್ದ. ಮೇಯುವ ಬಯಲಿಗೆಲ್ಲ ಯಾರ‍್ಯಾರೋ ಬೇಲಿ ಹಾಕಿ ಬಂಗಲೆ ಎಬ್ಬಿಸಿದ ಮೇಲೆ ಹುಲ್ಲು ಉಳಿದದ್ದು ಹೊಳೆಯ ಈಚೆ, ಸರಕಾರದ ಕಾಡಿನಲ್ಲಿ. ನೋಡಲು ಬರುವವರಿಗೆ ಅಲ್ಲಿ ಚೀಟಿ, ಮೇಯಿಸಲು ಬರುವವರಿಗೆ ಜೈಲು.

ಕೊಯ್ನೆತ್ ಹುಡುಕಿದ. ಸಿಂಹಗಳ ಹಿಂದೆ, ನಲವತ್ತು ಹೆಜ್ಜೆ ಆಚೆ, ಮುಳ್ಳುಪೊದೆಯಲ್ಲಿ ಅಂಗೈಯಗಲ ಕೆಂಪು ಬಟ್ಟೆ, ಅಪ್ಪ ಹೊದೆಯುವಂಥದು.

"ಯಾವ ಪ್ರಾಣಿ ಅದು?" ಹೆಂಗಸು ಕೇಳಿದಳು.

"ಕಾಡೆಮ್ಮೆ, ಮೇಡಂ."

"ಕಾಡೆಮ್ಮೆ ಕೊರಳಲ್ಲಿ ಗಂಟೆ ಇರುತ್ತಾ?"

ಅವನ ಕಣ್ಣು ಪೊದೆಯ ಮೇಲೇ ಇತ್ತು. ವ್ಯಾನಿನಿಂದ ಕಾಲು ಕೆಳಗಿಟ್ಟರೆ ಕೆಲಸದ ಬಿಲ್ಲೆ ಕಿತ್ತುಕೊಳ್ಳುತ್ತಾರೆ. ಇಟ್ಟರೂ ಬರಿಗೈಯಲ್ಲಿ ಮಾಡುವುದೇನು?

ಕಾಡಿನ ಕಾವಲುಗಾರರ ಜೀಪು ಬಂದು ಪಕ್ಕದಲ್ಲಿ ನಿಂತಿತು. ಅವರ ಮೇಲಧಿಕಾರಿ ಮುತಿಂದ ಕಿಟಕಿಯಿಂದ ಬಾಗಿದ.

"ಏನೋ ಕೊಯ್ನೆತ್, ಹಸು ಯಾರದ್ದು?"

"ಹೊಳೆಯಾಚೆ ಸಾವಿರ ಹಸು ಅವೆ, ಸಾರ್."

"ಹೆಂಡ್ತಿ ಗುರುತು ಸಿಗದಿದ್ರೂ ನಿಮ್ಮವರಿಗೆ ಹಸು ಗುರುತು ಸಿಗ್ತದಲ್ಲೋ."

ಅಷ್ಟರಲ್ಲಿ ಸಿಂಹಿಣಿಯೊಂದು ತಲೆ ಎತ್ತಿತು. ಪೊದೆಯ ಕಡೆಗೆ ಮುಖ ತಿರುಗಿಸಿ ಎದ್ದು ನಿಂತಿತು. ಕಿವಿ ನಿಮಿರಿತು.

"ಸಾರ್," ಕೊಯ್ನೆತ್ ಬೆರಳು ಚಾಚಿ ತೋರಿಸಿದ. "ಆ ಪೊದೇಲಿ ಯಾರೋ ಅವ್ರೆ."

ಜೀಪು ದೂಳೆಬ್ಬಿಸಿಕೊಂಡು ನುಗ್ಗಿತು. ಸಿಂಹಿಣಿ ಅದನ್ನು ನೋಡಿತು, ಆಕಳಿಸಿತು, ಮತ್ತೆ ಹಸುವಿನ ಬಳಿ ಮಲಗಿತು. ಅದು ಪೊದೆಯತ್ತ ಹೋಗುತ್ತಿತ್ತೋ, ಸುಮ್ಮನೆ ಮೈಮುರಿಯಲು ಎದ್ದಿತ್ತೋ, ಇನ್ನು ಯಾರಿಗೂ ತಿಳಿಯುವುದಿಲ್ಲ.

ಜೀಪಿನ ಹಿಂಬದಿಯಲ್ಲಿ ಅಪ್ಪನನ್ನು ಕೈಗೆ ಬೇಡಿ ಹಾಕಿ ಕೂರಿಸಿಕೊಂಡು ಬಂದರು. ಬಟ್ಟೆ ಮುಳ್ಳಿಗೆ ಸಿಕ್ಕಿ ಹರಿದಿತ್ತು. ಮುತಿಂದ ಜೀಪನ್ನು ಮತ್ತೆ ವ್ಯಾನಿನ ಪಕ್ಕದಲ್ಲೇ ನಿಲ್ಲಿಸಿದ.

"ಯಾವ ಹಟ್ಟಿ, ಅಜ್ಜ? ಮಕ್ಕಳು ಮರಿ ಯಾರಿದಾರೆ?"

"ಯಾರೂ ಇಲ್ಲ."

"ಇವನು ನಿಮ್ಮ ಕಡೆಯವನೇ. ಗೊತ್ತಾ?"

ಅಪ್ಪ ಮಗನ ಅಂಗಿಯ ಬಿಲ್ಲೆಯನ್ನು ನೋಡಿದ, ಮುಖವನ್ನಲ್ಲ. "ಪ್ಯಾಂಟು ಹಾಕ್ಕೊಂಡೋರು ನಂಗೆ ಗೊತ್ತಿಲ್ಲ."

ಆಮೇಲೆ ಸಿಂಹಗಳತ್ತ ತಿರುಗಿ, ಗದರುವ ದನಿಯಲ್ಲಿ, ಮುತಿಂದನಿಗೆ ಬಾರದ ತಮ್ಮ ಮಾತಿನಲ್ಲಿ ಹೇಳಿದ: "ಕರು ಒಳಗೆ ಕಟ್ಟಿದೀನಿ. ರಾತ್ರಿಯಿಂದ ಬಾಯಿಗೆ ಏನೂ ಬಿದ್ದಿಲ್ಲ. ಬಿಸಿಲೇರೋದ್ರೊಳಗೆ ಬಿಚ್ಚಿ ಏನಾದ್ರೂ ಕುಡಿಸು."

"ಏನಂತೆ ಅಜ್ಜನದು?" ಹೆಂಗಸು ಕೇಳಿದಳು.

"ಸಿಂಹಕ್ಕೆ ಬೈತಿದಾರೆ, ಮೇಡಂ."

ಅವಳು ನಕ್ಕು ಅಪ್ಪನ ಫೋಟೊ ತೆಗೆದಳು. ಜೀಪು ಹೋಯಿತು.

ಕೊಯ್ನೆತ್ ಕಚೇರಿಗೆ ಫೋನು ಮಾಡಿ ಎರಡು ಗಂಟೆ ಬಿಡುವು ಕೇಳಿದ. "ಸಂಜೆ ಆರರವರೆಗೂ ಅವರು ಹೇಳಿದಲ್ಲಿಗೆ ಕರ್ಕೊಂಡು ಹೋಗು. ಆಗಲ್ಲ ಅಂದ್ರೆ ವ್ಯಾನಿನ ಬೀಗದ ಕೈ ಕೊಟ್ಟು ಹೋಗು," ಅಂದರು. ಬೀಗದ ಕೈ ಅವನ ಬಳಿಯೇ ಉಳಿಯಿತು.

ಹನ್ನೊಂದಕ್ಕೆ ತಬ್ಬಲಿ ಆನೆಮರಿಗಳ ಆಶ್ರಮ. ಹಸಿರು ಕೋಟಿನವರು ಬಿಂದಿಗೆಯಂಥ ಸೀಸೆಗಳಲ್ಲಿ ಹಾಲು ಹಿಡಿದಿದ್ದರು. ಮರಿಗಳು ಗಟಗಟ ಕುಡಿಯುತ್ತಿದ್ದವು. ಜನ ಹಗ್ಗದ ಈಚೆ ಸಾಲುಗಟ್ಟಿದ್ದರು.

"ಪಾಪ, ತಾಯಿಲ್ಲದ ಮರಿ," ಹೆಂಗಸು ಕಣ್ಣೊರೆಸಿಕೊಂಡಳು. "ಎಷ್ಟು ಹೊತ್ತಿಗೊಮ್ಮೆ ಕುಡಿಸಬೇಕು?"

"ಮೂರು ಗಂಟೆಗೊಮ್ಮೆ, ಮೇಡಂ," ಕೊಯ್ನೆತ್ ಹೇಳಿದ. "ತಪ್ಪಿಸಿದ್ರೆ ಉಳಿಯಲ್ಲ."

ಬಿಸಿಲು ನೆತ್ತಿಗೆ ಬರುತ್ತಿತ್ತು. ದಂಪತಿ ನೋಡಬೇಕಾದವುಗಳ ಪಟ್ಟಿಯಲ್ಲಿ ಇನ್ನೂ ಜಿರಾಫೆಗಳಿದ್ದವು.