ಸೋಮನಾಥನ ಶೂಗೆ ಅಂಟಿದ ಮಣ್ಣು

ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆಯಲು ಬಾಗಿಲು ತೆರೆದ ಗುರುಬಸಪ್ಪ ಮೊದಲು ಎದುರಿಗೆ ಇಣುಕಿದ. ಎದುರು ಮನೆಯ ಸ್ಟ್ಯಾಂಡಿನಲ್ಲಿ ಸೋಮನಾಥನ ಶೂ ಇವತ್ತೂ ಒದ್ದೆಯಾಗಿತ್ತು. ಅಟ್ಟೆಯ ತುಂಬ ಕೆಂಪು ಮಣ್ಣು.

ಚಿಕ್ಕಲಸಂದ್ರದ ಪಾರ್ಕಿನಲ್ಲಿ ಇಬ್ಬರೂ ವರ್ಷಗಟ್ಟಲೆ ಜೋಡಿಯಾಗಿ ಓಡಿದವರು. ಶೂಗಳನ್ನೂ ಜಯನಗರದ ಒಂದೇ ಅಂಗಡಿಯಲ್ಲಿ, ಆಫರಿನಲ್ಲಿ ಕೊಂಡಿದ್ದರು. ಆಮೇಲೆ ಪೈಪ್ ಹಾಕುತ್ತೇವೆಂದು ಪಾಲಿಕೆಯವರು ಪಾರ್ಕಿಗೆ ಬೀಗ ಜಡಿದರು. ಗುರುಬಸಪ್ಪ ಒಳಗೊಳಗೇ ಖುಷಿಪಟ್ಟು ಮುಸುಕೆಳೆದು ಮಲಗಿಬಿಟ್ಟ. ಶುಗರ್ ಏರಿತು. ಹೀಗೇ ಆದರೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದರು. ಸೂಜಿಯ ಹೆಸರೆತ್ತಿದರೆ ನಡುಗುವ ಈ ಮಹಾಶಯ, ಆದರೂ ಹಾಸಿಗೆ ಬಿಡಲಿಲ್ಲ.

ಬಿಡಿಸಿದ್ದು ಆ ಶೂ.

"ನನ್ನ ಬಿಟ್ಟು ಎಲ್ಲೋ ಓಡ್ತಿದಾನೆ ಕಣೇ," ಎಂದ ಹೆಂಡತಿ ಕಮಲಾದೇವಿಗೆ.

"ಹೋಗಿ ಕೇಳ್ರಿ, ಎದುರು ಮನೆ ತಾನೆ?"

ಕೇಳಲು ಹೋದರೆ ಸೋಮನಾಥನ ಹೆಂಡತಿ ಜ್ಯೋತ್ಸ್ನಾ ಬಾಗಿಲನ್ನು ಒಂದಿಷ್ಟೇ ತೆರೆದು, "ಮಲಗಿದಾರೆ ಅಣ್ಣ," ಎಂದು ಮುಚ್ಚಿಕೊಂಡಳು. ಹೋದಾಗಲೆಲ್ಲ ಅದೇ ಮಾತು. ಫೋನ್ ಮಾಡಿದರೆ ಸೋಮನಾಥ, "ಸಖತ್ ಜಾಗ ಸಿಕ್ಕಿದೆ ಗುರು, ನಿನ್ ಕೈಲಾಗಲ್ಲ ಬಿಡು," ಎಂದು ನಕ್ಕ.

ಗುರುಬಸಪ್ಪನಿಗೆ ಮೈಯೆಲ್ಲ ಉರಿಯಿತು. ಆ ಜಾಗ ಹುಡುಕಿಯೇ ತೀರುತ್ತೇನೆಂದು ಹೊರಟ. ಕೆಂಪು ಮಣ್ಣು ಎಲ್ಲಿದೆಯೆಂದು ಉತ್ತರಹಳ್ಳಿ ರಸ್ತೆ ಹಿಡಿದು ಸುಬ್ರಹ್ಮಣ್ಯಪುರದವರೆಗೆ ಓಡಿದ. ಖಾಲಿ ಸೈಟುಗಳನ್ನೆಲ್ಲ ಇಣುಕಿದ, ಬೀದಿನಾಯಿಗಳಿಂದ ಅಟ್ಟಿಸಿಕೊಂಡ. ಮಳೆ ಬಂದ ದಿನ ಅಪಾರ್ಟ್‌ಮೆಂಟಿನ ಮೆಟ್ಟಿಲನ್ನೇ ಹತ್ತಿಳಿದ. ಪತ್ತೇದಾರಿಕೆಯ ಭರದಲ್ಲಿ ಪ್ಯಾಂಟು ಸಡಿಲವಾದದ್ದೂ ಅವನ ಗಮನಕ್ಕೆ ಬರಲಿಲ್ಲ. ಸೋಮನಾಥ ಮಾತ್ರ ಎಲ್ಲೂ ಕಣ್ಣಿಗೆ ಬೀಳಲಿಲ್ಲ.

ಕೊನೆಗೆ ಕಳ್ಳನನ್ನು ಮನೆಬಾಗಿಲಲ್ಲೇ ಹಿಡಿಯುವುದೆಂದು ನಿಶ್ಚಯಿಸಿ, ಬೆಳಕು ಹರಿಯುವ ಮುಂಚೆಯೇ ಮೇಲಿನ ಮೆಟ್ಟಿಲ ತಿರುವಿನಲ್ಲಿ ಅಡಗಿ ಕೂತ.

ಬಾಗಿಲು ತೆರೆಯಿತು. ಸೋಮನಾಥ ಗೋಡೆ ಹಿಡಿದುಕೊಂಡು, ಒಂದು ಕಾಲೆಳೆಯುತ್ತ ಹೊರಬಂದ. ಮಂಡಿಗೆ ದಪ್ಪನೆಯ ಪಟ್ಟಿ ಬಿಗಿದಿತ್ತು. ಕಷ್ಟಪಟ್ಟು ಸ್ಟೂಲಿನ ಮೇಲೆ ಕೂತು, ಬಾಗಿಲ ಪಕ್ಕದ ತುಳಸಿ ಕುಂಡದಿಂದ ಒಂದು ಹಿಡಿ ಕೆಂಪು ಮಣ್ಣು ತೆಗೆದು, ಚೊಂಬಿನ ನೀರಲ್ಲಿ ಕಲಸಿ, ಶೂಗೆ ಶ್ರದ್ಧೆಯಿಂದ ಬಳಿಯತೊಡಗಿದ.

"ಸಾಕು ಬನ್ರೀ," ಜ್ಯೋತ್ಸ್ನಾ ಪಿಸುಗುಟ್ಟಿದಳು. "ಡಾಕ್ಟ್ರು ಮಂಡಿ ಅಲುಗಾಡಿಸ್ಬೇಡಿ ಅಂದಿದಾರೆ. ನಿಜ ಹೇಳ್ಬಿಡಿ ಆ ಅಣ್ಣಂಗೆ."

"ಶ್! ನಾನು ಓಡ್ತಿಲ್ಲ ಅಂತ ಗೊತ್ತಾದ್ರೆ ಅವ್ನೂ ಮಲಗ್ಬಿಡ್ತಾನೆ. ಶುಗರ್ ಬೇರೆ ಇದೆ ಮುಂಡೇದಕ್ಕೆ. ಹೊಟ್ಟೆಕಿಚ್ಚಿಗಾದ್ರೂ ಓಡ್ಲಿ."

ಗುರುಬಸಪ್ಪನಿಗೆ ಇಷ್ಟು ದಿನ ಬೈದುಕೊಂಡದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಬಾಗಿಲು ಮುಚ್ಚುವವರೆಗೂ ಉಸಿರು ಬಿಗಿಹಿಡಿದು ಕೂತಿದ್ದ.

ಮರುದಿನ ಸೋಮನಾಥ ಏಳುವ ಮೊದಲೇ ಅವನ ಶೂಗಳನ್ನು ಕಾಲಿಗೇರಿಸಿದ. ಒಂದು ನಂಬರ್ ಚಿಕ್ಕದು, ಬೆರಳು ಕಚ್ಚುತ್ತಿತ್ತು. ಆದರೂ ಸುಬ್ರಹ್ಮಣ್ಯಪುರದವರೆಗೆ ಓಡಿ, ಖಾಲಿ ಸೈಟಿನ ಕೆಸರನ್ನೆಲ್ಲ ಚೆನ್ನಾಗಿ ತುಳಿದು, ಕುಂಟುತ್ತ ವಾಪಸು ಬಂದು ಶೂಗಳನ್ನು ಸ್ಟ್ಯಾಂಡಿನಲ್ಲಿಟ್ಟ. ಲೇಸಿನ ತುಂಬ ಹುಲ್ಲಿನ ಮುಳ್ಳು ಅಂಟಿದ್ದವು.

ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಲೋ ಗುರು," ಸೋಮನಾಥನ ದನಿಯಲ್ಲಿ ಅನುಮಾನವಿತ್ತು. "ನನ್ ಶೂ ಎಲ್ಲಿಗ್ ಹೋಗಿತ್ತೋ?"

"ನಿನ್ ಬದಲು ಓಡೋಕೆ," ಎಂದ ಗುರುಬಸಪ್ಪ. "ತುಳಸಿ ಗಿಡದ ಬೇರು ಉಳಿಸೋ ಮಾರಾಯ. ನಿನ್ ಮಂಡಿ ಸರಿಹೋಗೋವರ್ಗೂ ಕೆಸರು ನಾನು ತರ್ತೀನಿ. ಈಗ ಬಾಗ್ಲು ತೆಗಿ."