ಬಲಗಾಲಿನ ಜಿಗಿತ

ನಮ್ಮಕ್ಕ ನನ್ನನ್ನು ನಂಬಿಸಿ ಕತ್ತು ಕೊಯ್ದದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಇಡೀ ತಂಡದ ಎದುರಿಗೆ. ಕೊಯ್ಯಿಸಿಕೊಳ್ಳುವಾಗ ನಾನು ಹಲ್ಲು ಕಿರಿಯುತ್ತಿದ್ದೆ. ಸುತ್ತ ನಿಂತವರು ಚಪ್ಪಾಳೆ ಬೇರೆ ತಟ್ಟಿದರು.

ನಾನು ಬಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆಯುವವಳು. ಹದಿಮೂರು ವರ್ಷದಿಂದ ಒಂದೇ ಕ್ಲಬ್ಬು, ಒಂದೇ ನಂಬರಿನ ಜೆರ್ಸಿ. ಆರಡಿ ಒಂದಿಂಚು ಇದ್ದೇನೆ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಆದರೆ ನನ್ನ ಭುಜಕ್ಕೂ ಬರುವುದಿಲ್ಲ. ಇಬ್ಬರಿಗೂ ಹಂಚಬೇಕಾದ ಎತ್ತರವನ್ನು ದೇವರು ಮರೆತು ಎರಡನೆಯವಳ ಮೇಲೇ ಸುರಿದುಬಿಟ್ಟ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಅಕ್ಕ ನನ್ನನ್ನು ಕರೆಯುವುದು ‘ಒಂಟೆ’ ಎಂದು. ಹೆಸರು ಹಿಡಿದು ಕರೆದಳೆಂದರೆ ಏನೋ ಕೆಟ್ಟ ಸುದ್ದಿ ಇದೆ ಎಂದೇ ಅರ್ಥ.

ಅವಳಿಗೂ ಆಟದ ಹುಚ್ಚಿತ್ತು. ಎತ್ತರ ಕೈಕೊಟ್ಟಿತು. ಹಾಗೆಂದು ಅಳುತ್ತ ಕೂರುವ ಜಾತಿಯಲ್ಲ ಅವಳು. ಫಿಸಿಯೋಥೆರಪಿ ಓದಿ ನಮ್ಮ ಕ್ಲಬ್ಬಿಗೇ ಬಂದು ಸೇರಿದಳು. ಅಂದಿನಿಂದ ಆಟ ನನ್ನದು, ಕಾಗದ ಅವಳದು. ಕಾಂಟ್ರಾಕ್ಟು, ವಿಮೆ, ಸ್ಕ್ಯಾನ್ ರಿಪೋರ್ಟು, ನೋಟಿಸ್ ಬೋರ್ಡಿನ ಸುತ್ತೋಲೆ, ಯಾವುದನ್ನೂ ನಾನು ಓದಿದವಳಲ್ಲ. ಅವಳು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುತ್ತಿದ್ದೆ. ಹೆಬ್ಬೆಟ್ಟು ಒತ್ತುವವರಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ, ನನ್ನ ಸಹಿ ಸ್ವಲ್ಪ ಚೆನ್ನಾಗಿತ್ತು.

ಐದು ವರ್ಷದ ಹಿಂದೆ ಒಂದು ಪಂದ್ಯದಲ್ಲಿ ಬೋರ್ಡಿಗೆ ಬಡಿದು ವಾಪಸು ಬಂದ ಚೆಂಡಿಗೆ ಹಾರಿ, ಇಳಿಯುವಾಗ ಎದುರಾಳಿಯ ಪಾದದ ಮೇಲೆ ಇಳಿದೆ. ಎಡಮಂಡಿ ಒಳಗೆ ತಿರುಚಿಕೊಂಡಿತು. ಆಪರೇಷನ್ ಆಯಿತು. ಹನ್ನೊಂದು ತಿಂಗಳು ಅಕ್ಕ ನನ್ನನ್ನು ಎಬ್ಬಿಸಿ, ಕೂರಿಸಿ, ಬೈದು, ಮತ್ತೆ ನಡೆಸಿದಳು. ಸಾಕು ಬಿಡು, ನನ್ನ ಕೈಲಿ ಆಗಲ್ಲ ಅಂದಾಗಲೆಲ್ಲ, "ಆಗಲ್ಲ ಅನ್ನೋ ಮಾತು ಈ ರೂಮಿನ ಹೊರಗೆ ಬಿಟ್ಟು ಬಾ" ಅನ್ನುತ್ತಿದ್ದಳು.

ಮಂಡಿ ವಾಸಿಯಾಯಿತು, ಪೂರ್ತಿ ಅಲ್ಲ. ಅಲ್ಲಿಂದಲೇ ನಮ್ಮ ಕಳ್ಳಾಟ ಶುರುವಾಗಿದ್ದು.

ಪ್ರತಿ ವರ್ಷ ಸೀಸನ್ನಿಗೆ ಮುಂಚೆ ನಮಗೊಂದು ಪರೀಕ್ಷೆ. ನೆಲದಲ್ಲಿ ಹಾಸಿದ ಕಪ್ಪು ಮ್ಯಾಟಿನ ಮೇಲೆ ನಿಂತು ಮೊದಲು ಒಂದು ಕಾಲಲ್ಲಿ, ಆಮೇಲೆ ಇನ್ನೊಂದರಲ್ಲಿ ಮೇಲಕ್ಕೆ ಹಾರಬೇಕು. ಎಷ್ಟು ಸೆಂಟಿಮೀಟರ್ ಹಾರಿದೆವೆಂದು ಮೆಷಿನ್ನು ತೋರಿಸುತ್ತದೆ. ಎರಡು ಕಾಲಿನ ನಡುವೆ ಶೇಕಡ ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಸೀಸನ್ನು ಆಡುವ ಹಾಗಿಲ್ಲ. ನನ್ನ ಎಡಗಾಲು ತಿಪ್ಪರಲಾಗ ಹಾಕಿದರೂ ಹದಿನಾರು ದಾಟುತ್ತಿರಲಿಲ್ಲ. ಬಲಗಾಲು ಇಪ್ಪತ್ತೆರಡು. ಆಗ ಅಕ್ಕ ಹೇಳಿಕೊಟ್ಟಳು:

"ಕೆಟ್ಟ ಕಾಲು ಎಷ್ಟು ಹಾರುತ್ತೋ ಹಾರಲಿ. ಒಳ್ಳೆ ಕಾಲಲ್ಲಿ ಕಡಿಮೆ ಹಾರು. ಹದಿನೆಂಟಕ್ಕೆ ನಿಲ್ಲಿಸು."

ಹೇಳಿದಷ್ಟು ಸುಲಭ ಅಲ್ಲ. ಹಾರುವುದನ್ನೇ ಕಲಿತ ಕಾಲಿಗೆ ಹಾರದಿರುವುದನ್ನು ಕಲಿಸಬೇಕು, ನೋಡುವವರಿಗೆ ಪೂರ್ತಿ ಹಾರಿದ ಹಾಗೇ ಕಾಣಬೇಕು. ಪರೀಕ್ಷೆಗೆ ಒಂದು ತಿಂಗಳ ಮುಂಚೆಯಿಂದ ಅಭ್ಯಾಸ ಮಾಡುತ್ತಿದ್ದೆವು. ಹದಿನೆಂಟು, ಹದಿನೆಂಟು, ಹದಿನೆಂಟು. ಕ್ಲಬ್ಬಿನ ಹಳೇ ಡಾಕ್ಟರು ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದರು. ನಾಲ್ಕು ವರ್ಷ ಹೀಗೇ ದಾಟಿತು.

ಐದನೇ ವರ್ಷಕ್ಕೆ ನನಗೆ ಇನ್ನು ಹನ್ನೆರಡೇ ಪಂದ್ಯ ಬೇಕಾಗಿತ್ತು. ಮುನ್ನೂರು ಪಂದ್ಯ ಆಡಿದವರ ಜೆರ್ಸಿಯನ್ನು ನಮ್ಮ ಕ್ಲಬ್ಬಿನವರು ಗಾಜಿನ ಚೌಕಟ್ಟಿನಲ್ಲಿ ಹಾಕಿ ಸ್ಟೇಡಿಯಮ್ಮಿನ ಬಾಗಿಲ ಪಕ್ಕದ ಗೋಡೆಗೆ ತೂಗುಹಾಕುತ್ತಾರೆ. ನಲವತ್ತು ವರ್ಷದಲ್ಲಿ ಆ ಗೋಡೆಗೇರಿದ್ದು ಎರಡೇ ಜೆರ್ಸಿ. ನಾನು ಇನ್ನೂರ ಎಂಬತ್ತೆಂಟರಲ್ಲಿದ್ದೆ. ಬೇರೆ ಏನನ್ನೂ ನಾನು ಕೇಳಿರಲಿಲ್ಲ. ಹನ್ನೆರಡು ಆಡಿ, ಕೈ ಬೀಸಿ, ನನ್ನ ಕಾಲ ಮೇಲೆ ನಡೆದು ಕೋರ್ಟಿನಿಂದ ಹೊರಗೆ ಬರಬೇಕು. ಇದನ್ನು ಅಕ್ಕನಿಗೆ ಸಾವಿರ ಸಲ ಹೇಳಿದ್ದೆ. "ಆಯ್ತು ಕಣೇ ಒಂಟೆ, ಗೋಡೆಗೆ ಮೊಳೆ ನಾನೇ ಹೊಡೀತೀನಿ" ಅನ್ನುತ್ತಿದ್ದಳು.

ಆ ವರ್ಷ ಹಳೇ ಡಾಕ್ಟರು ನಿವೃತ್ತರಾಗಿ ಹೊಸಬರೊಬ್ಬರು ಬಂದರು. ಸದಾ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿರುವ, ನಕ್ಕರೆ ದಂಡ ಕಟ್ಟಬೇಕೇನೋ ಅನ್ನುವ ಹಾಗಿರುವ ಮನುಷ್ಯ. ಹುಡುಗಿಯರು ಪೆನ್ಸಿಲ್ ಡಾಕ್ಟರು ಎಂದೇ ಹೆಸರಿಟ್ಟರು.

ಪರೀಕ್ಷೆಯ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಅಕ್ಕ ನನ್ನ ಮನೆಗೆ ಬಂದಳು. ಟೀ ಮಾಡಿಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟಳು.

"ಈ ಸಲ ರೂಲ್ ಬದಲಾಗಿದೆ" ಅಂದಳು. "ಎರಡು ಕಾಲಿಗೂ ಹೋಲಿಕೆ ಮಾಡೋದು ಬಿಟ್ಟಿದಾರೆ. ಹೊಸ ಡಾಕ್ಟ್ರು ಒಳ್ಳೆ ಕಾಲು ಎಷ್ಟು ಹಾರುತ್ತೆ ಅಂತ ಮಾತ್ರ ನೋಡ್ತಾರೆ. ಇಪ್ಪತ್ತು ದಾಟಲಿಲ್ಲ ಅಂದ್ರೆ ವಯಸ್ಸಾಯ್ತು ಅಂತ ಮನೆಗೆ ಕಳಿಸ್ತಾರೆ."

"ಅಯ್ಯೋ! ಮತ್ತೆ ಹದಿನೆಂಟು ಹಾರಿದ್ರೆ?"

"ಹೋಯ್ತು ಅಷ್ಟೇ. ನಾಳೆ ಬಲಗಾಲಲ್ಲಿ ಪೂರ್ತಿ ಹಾರು. ಏನೂ ಉಳಿಸ್ಕೋಬೇಡ."

"ಮಂಡಿ ಸ್ಕ್ಯಾನ್ ಬಂತಾ?"

"ಬಂತು. ಹೋದ ವರ್ಷದ ಹಾಗೇ ಇದೆ."

ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳನ್ನು ಸೊಂಟ ಹಿಡಿದು ಎತ್ತಿ ಒಂದು ಸುತ್ತು ತಿರುಗಿಸಿದೆ. ನಾಲ್ಕು ವರ್ಷದಿಂದ ಕಟ್ಟಿಹಾಕಿದ್ದ ಕಾಲನ್ನು ಬಿಚ್ಚಿ ಹಾರಬಹುದು! "ಬಿಡೇ, ಇಳಿಸೇ" ಎಂದು ಅವಳು ಬಡಿದುಕೊಂಡಳು. ನಗಲಿಲ್ಲ. ನನಗದು ಆಗ ಹೊಳೆಯಲಿಲ್ಲ. ಯಾಕೆ ಹೊಳೆಯಬೇಕು? ಒಡಹುಟ್ಟಿದವಳ ಮುಖವನ್ನು ಯಾರಾದರೂ ಅನುಮಾನದಿಂದ ನೋಡುತ್ತಾರೆಯೇ?

ಸೋಮವಾರ ಮ್ಯಾಟಿನ ಮೇಲೆ ನಿಂತೆ. ತಂತಿ ಜೋಡಿಸಿದವಳು ಅಕ್ಕ. ಪಕ್ಕದಲ್ಲಿ ಪೆನ್ಸಿಲ್ ಡಾಕ್ಟರು, ಹಿಂದೆ ಕೋಚು, ಸುತ್ತ ತಂಡ. ಎಡಗಾಲು ಹದಿನಾರು. ಆಮೇಲೆ ಬಲಗಾಲು. ಸೊಂಟಕ್ಕೆ ಕೈ ಕೊಟ್ಟು, ಬಗ್ಗಿ, ಹಾರಿದೆ ನೋಡಿ! ಇಪ್ಪತ್ತೆರಡು. ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿಯರು ಇಪ್ಪತ್ತೂವರೆ, ಇಪ್ಪತ್ತೊಂದು ಹಾರಿದ್ದರು. "ಅಕ್ಕಾ, ನಮಗೂ ಸ್ವಲ್ಪ ಉಳಿಸಿ" ಎಂದು ಒಬ್ಬಳು ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋಗಿ ತಲೆಬಾಗಿ ನಮಸ್ಕಾರ ಬೇರೆ ಮಾಡಿದೆ.

ಪೆನ್ಸಿಲ್ ಡಾಕ್ಟರು ಕಿವಿಯಿಂದ ಪೆನ್ಸಿಲ್ ತೆಗೆದು ಏನೋ ಲೆಕ್ಕ ಹಾಕಿದರು.

"ಶೇಕಡ ಇಪ್ಪತ್ತೇಳು ವ್ಯತ್ಯಾಸ" ಅಂದರು. "ಸಾರಿ. ಈ ಸೀಸನ್ ನೀವು ಆಡೋ ಹಾಗಿಲ್ಲ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ತಮಾಷೆ ಮಾಡುವವರಲ್ಲ ಎಂದು ಮರುಕ್ಷಣ ನೆನಪಾಯಿತು. ಅಕ್ಕನ ಕಡೆ ತಿರುಗಿದೆ. ಅವಳು ಬಗ್ಗಿಕೊಂಡು ತಂತಿ ಸುತ್ತುತ್ತಿದ್ದಳು. ಕೋಚು ನನ್ನ ಬೆನ್ನ ಮೇಲೆ ಕೈಯಿಟ್ಟು, "ಹೊರಗೆ ಬಾಮ್ಮ, ಗಾಳಿಗೆ ಕೂತ್ಕೋ" ಅಂದರು. ಕೈ ಕೊಡವಿದೆ. ನೋಟಿಸ್ ಬೋರ್ಡಿನ ಹತ್ತಿರ ಹೋಗಿ ಹದಿಮೂರು ವರ್ಷದಲ್ಲಿ ಮೊದಲ ಸಲ ಒಂದು ಸುತ್ತೋಲೆ ಓದಿದೆ. ಶೇಕಡ ಹದಿನೈದು ಎಂದೇ ಇತ್ತು. ಒಂದಕ್ಷರವೂ ಬದಲಾಗಿರಲಿಲ್ಲ.

ಅಕ್ಕ ತನ್ನ ಫಿಸಿಯೋ ರೂಮಿನಲ್ಲಿ ಮಂಚದ ಮೇಲಿನ ಬಟ್ಟೆ ಬದಲಾಯಿಸುತ್ತಿದ್ದಳು. ಬಾಗಿಲು ಹಾಕಿದೆ.

"ರೂಲ್ ಬದಲಾಗಿದೆ ಅಂದ್ಯಲ್ಲ?"

"ಬದಲಾಗಿಲ್ಲ."

"ಮತ್ತೆ?"

"ಸುಳ್ಳು ಹೇಳಿದೆ."

ಎಷ್ಟು ಸಲೀಸಾಗಿ ಹೇಳಿದಳು! ಅತ್ತಿದ್ದರೆ, ಕೈ ಮುಗಿದಿದ್ದರೆ, ಏನಾದರೂ ನೆಪ ಹೇಳಿದ್ದರೆ ನನಗೆ ಒದ್ದಾಡಲು ಒಂದು ಜಾಗ ಸಿಗುತ್ತಿತ್ತು. ಹಾಸಿಗೆಯ ಬಟ್ಟೆಯ ನಾಲ್ಕೂ ಮೂಲೆ ಎಳೆದು ಸರಿ ಮಾಡಿದಳು, ಆಮೇಲೆ ನನ್ನ ಕಡೆ ನೋಡಿದಳು.

"ಸ್ಕ್ಯಾನ್ ಹೋದ ವರ್ಷದ ಹಾಗಿಲ್ಲ. ಒಳಗೆ ಮೆತ್ತಗಿನದು ಏನೂ ಉಳಿದಿಲ್ಲ. ಮೂಳೆಗೆ ಮೂಳೆ ಉಜ್ಜುತ್ತಾ ಇದೆ. ಹನ್ನೆರಡು ಪಂದ್ಯ ಆಡಿದ್ರೆ ನಲವತ್ತಕ್ಕೆ ಕೋಲು ಹಿಡೀತೀಯ."

"ಅದನ್ನ ಹೇಳಬೇಕಿತ್ತು!"

"ಹೇಳಿದ್ರೆ ಕೇಳ್ತಿದ್ಯಾ?"

"ಕೇಳ್ತಿದ್ನೋ ಬಿಡ್ತಿದ್ನೋ, ಮಂಡಿ ನನ್ನದು! ಕೋಲು ಹಿಡಿಯೋಳು ನಾನು! ಅಟ್ಟ ಹತ್ತಿಸಿ ಏಣಿ ತೆಗೆದ್ಯಲ್ಲ, ಅದೂ ನನ್ನ ಕೈಲೇ ತೆಗೆಸಿದ್ಯಲ್ಲ! ಎಲ್ಲರ ಮುಂದೆ ಕೋತಿ ಥರ ಕುಣಿಸಿದೆ. ಚಪ್ಪಾಳೆ ಹೊಡೆದ್ರು ಕಣೇ. ನಮಸ್ಕಾರ ಮಾಡಿದೆ ನಾನು!"

ಅವಳು ಬಾಯಿ ತೆರೆದು ನನ್ನ ಹೆಸರು ಹಿಡಿದು ಕರೆದಳು. ಉಳಿದದ್ದನ್ನು ಕೇಳಲು ನಾನು ಅಲ್ಲಿ ನಿಲ್ಲಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹೊರಗಿನವರು ಮಾಡಿದ್ದರೆ ಅಕ್ಕನ ಹತ್ತಿರ ಹೋಗಿ ಅಳುತ್ತಿದ್ದೆ. ಈಗ ಅಕ್ಕನ ಮೇಲೆ ದೂರು ಹೇಳಲು ಹೋಗಬೇಕಾದರೂ ಕಾಲು ಅಕ್ಕನ ರೂಮಿನ ಕಡೆಗೇ ತಿರುಗುತ್ತಿತ್ತು. ಖಾಲಿ ಗ್ಯಾಲರಿಯಲ್ಲಿ ಎರಡು ತಾಸು ಕೂತೆ. ಅವಳಿಗೂ ನೋಯಬೇಕು ಅನ್ನುವುದೊಂದೇ ತಲೆಯಲ್ಲಿ. ಸುಳ್ಳು ಯಾಕೆ ಹೇಳಲಿ, ಆಗ ನನಗೆ ಬೇರೆ ಏನೂ ಬೇಕಾಗಿರಲಿಲ್ಲ.

ಮಧ್ಯಾಹ್ನ ಮೇಲಿನ ಮಹಡಿಯ ಆಫೀಸಿಗೆ ನಮ್ಮಿಬ್ಬರನ್ನೂ ಕರೆದರು. ಮೇಜಿನ ಆಚೆ ಪೆನ್ಸಿಲ್ ಡಾಕ್ಟರು, ಕಿಟಕಿಯ ಹತ್ತಿರ ಕೋಚು. ಅಕ್ಕ ನನ್ನ ಪಕ್ಕದ ಕುರ್ಚಿಯಲ್ಲಿ, ಕಾಲು ನೆಲಕ್ಕೆ ಸರಿಯಾಗಿ ಮುಟ್ಟದೆ ಕೂತಿದ್ದಳು.

"ಹೋದ ವರ್ಷ ನಿಮ್ಮ ಬಲಗಾಲು ಹದಿನೆಂಟು" ಎಂದರು ಡಾಕ್ಟರು ನನಗೆ. "ಅದರ ಹಿಂದಿನ ವರ್ಷವೂ ಹದಿನೆಂಟು. ನಾಲ್ಕು ವರ್ಷವೂ ಹದಿನೆಂಟೇ. ಈಗ ಇಪ್ಪತ್ತೆರಡು. ಮೂವತ್ಮೂರು ವಯಸ್ಸಿಗೆ ಕಾಲು ಹೀಗೆ ಚಿಗುರೋದನ್ನ ನಾನೆಲ್ಲೂ ಓದಿಲ್ಲ. ಹೇಗಾಯ್ತು ಇದು?"

ಚೆನ್ನಾಗಿ ವ್ಯಾಯಾಮ ಮಾಡಿದೆ ಅನ್ನಬಹುದಿತ್ತು. ಗೊತ್ತಿಲ್ಲ ಎಂದು ಭುಜ ಕುಣಿಸಬಹುದಿತ್ತು. ನನ್ನ ಒಂದು ಮಾತಿನ ಮೇಲೆ ಅವಳ ಕೆಲಸ, ಲೈಸೆನ್ಸು, ಹನ್ನೆರಡು ವರ್ಷದ ಹೆಸರು ನಿಂತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪಕ್ಕಕ್ಕೆ ತಿರುಗಿ ಅವಳನ್ನೊಮ್ಮೆ ನೋಡಿದೆ. ಅವಳು ಬೇಡ ಎಂದು ಕಣ್ಣಲ್ಲಾದರೂ ಕೇಳಿಕೊಂಡಿದ್ದರೆ ಏನು ಮಾಡುತ್ತಿದ್ದೆನೋ. ಕೇಳಲಿಲ್ಲ.

"ನಾಲ್ಕು ವರ್ಷವೂ ಬೇಕಂತಲೇ ಕಡಿಮೆ ಹಾರಿದೀನಿ" ಅಂದೆ. "ಹೇಳಿಕೊಟ್ಟಿದ್ದು ಅಕ್ಕ. ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದೂ ಅವಳೇ."

ಹೇಳಿ ಮುಗಿಸಿದಾಗ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಕೋಚು ಕಿಟಕಿಯ ಕಡೆ ಮುಖ ತಿರುಗಿಸಿದರು.

ಡಾಕ್ಟರು ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ತಳ್ಳಿದರು. "ಪರೀಕ್ಷೆ ಮುಗಿದ ತಕ್ಷಣ ನಿಮ್ಮಕ್ಕ ಇದನ್ನ ಕೊಟ್ರು. ನಿಮ್ಮ ಬಾಯಿಂದಲೂ ಕೇಳಬೇಕಿತ್ತು, ಅದಕ್ಕೇ ಕರೆದೆ."

ಅಕ್ಕನ ದುಂಡಗಿನ ಅಕ್ಷರ. ರಾಜೀನಾಮೆ ಪತ್ರ. ಶನಿವಾರದ ತಾರೀಖು, ಅಂದರೆ ನನ್ನ ಮನೆಯಲ್ಲಿ ಟೀ ಕುಡಿದು ಸುಳ್ಳು ಹೇಳುವುದಕ್ಕೆ ಒಂದು ದಿನ ಮುಂಚೆ. ನಾಲ್ಕು ವರ್ಷದ ಅಂಕಿಗಳೂ ಸುಳ್ಳು, ಅದರ ಪೂರ್ತಿ ಹೊಣೆ ತನ್ನದು, ಆಟಗಾರ್ತಿ ತಾನು ಹೇಳಿದಂತೆ ಮಾಡಿದ್ದಾರೆ, ಅವರದೇನೂ ತಪ್ಪಿಲ್ಲ ಎಂದು ಬರೆದಿದ್ದಳು. ಹುಟ್ಟಿದಾಗಿನಿಂದ ಒಂಟೆ ಎಂದವಳು ಕಾಗದದಲ್ಲಿ ನನಗೆ ಬಹುವಚನ ಕೊಟ್ಟಿದ್ದಳು.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಮೋಸ ಹೋದೆ ಅನಿಸಿತು, ಬೆಳಗಿನದು ಸಾಲದೆಂಬಂತೆ ಇನ್ನೊಂದು ಸಲ. ಅವಳ ಕತ್ತಿಗೆ ಕತ್ತಿ ಹಿಡಿದೆ ಎಂದು ಬೀಗಿದವಳು ನಾನು. ಅವಳು ಎರಡು ದಿನ ಮುಂಚೆಯೇ ಕತ್ತು ಕೊಟ್ಟು ಕೂತಿದ್ದಳು. ಆಣೆ ಮಾಡಿ ಹೇಳುತ್ತೇನೆ, ಸೇಡನ್ನೂ ನನ್ನ ಪಾಲಿಗೆ ಉಳಿಸಲಿಲ್ಲ ಅವಳು.

ಹೊರಗೆ ಬಂದ ಮೇಲೆ ಕೇಳಿದೆ, "ಕಾಗದ ಬರೆದಿದ್ದೆಯಲ್ಲ, ಅದೊಂದೇ ಸಾಕಿತ್ತಲ್ಲ? ನನ್ನನ್ನ ಯಾಕೆ ಹಾರಿಸಿದೆ?"

"ಸ್ಕ್ಯಾನ್ ನೋಡಿ ನಿಲ್ಲಿಸೋ ರೂಲ್ ಇಲ್ಲ, ಮ್ಯಾಟಿನ ಲೆಕ್ಕ ಒಂದೇ. ಬರೀ ಕಾಗದ ಕೊಟ್ಟಿದ್ರೆ ನೀನು ಅಕ್ಕಂಗೆ ತಲೆ ಕೆಟ್ಟಿದೆ ಅಂತಿದ್ದೆ. ಮ್ಯಾಟ್ ಮೇಲೆ ನಿಂತು ಮತ್ತೆ ಹದಿನೆಂಟೇ ಹಾರ್ತಿದ್ದೆ. ಅವರು ನಿನ್ನನ್ನೇ ನಂಬ್ತಿದ್ರು."

ನಿಜ. ಹಾಗೇ ಮಾಡುತ್ತಿದ್ದೆ. ಅವಳಿಗೆ ನಾನು ಅಷ್ಟು ಚೆನ್ನಾಗಿ ಗೊತ್ತು ಅನ್ನುವುದೇ ನನಗೆ ಆ ಹೊತ್ತಿನಲ್ಲಿ ಸಹಿಸಲಾಗಲಿಲ್ಲ.

"ಇನ್ನು ನನ್ನ ಜೊತೆ ಮಾತಾಡಬೇಡ" ಅಂದೆ.

"ಆಯ್ತು" ಅಂದಳು. ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲ ಕಡೆ ನಡೆದಳು.

ಅವಳನ್ನು ದಾಟಿ, ದಡದಡ ಇಳಿದು, ತಿರುಗಿ ನೋಡದೆ ಹೊರಟುಹೋಗಬೇಕು ಎನಿಸಿತು. ಎರಡನೇ ಮೆಟ್ಟಿಲಿಗೇ ಎಡಮಂಡಿ ಚುಳಕ್ಕೆಂದಿತು. ಕಂಬಿ ಹಿಡಿದುಕೊಂಡೆ. ಒಂದೊಂದೇ ಮೆಟ್ಟಿಲು, ಮೊದಲು ಎಡಗಾಲು, ಆಮೇಲೆ ಬಲಗಾಲನ್ನು ಅದರ ಪಕ್ಕಕ್ಕೆ. ಅಕ್ಕ ನನಗಿಂತ ಮೂರು ಮೆಟ್ಟಿಲು ಕೆಳಗಿದ್ದಳು. ತಿರುಗಿ ನೋಡುತ್ತಿರಲಿಲ್ಲ. ಆದರೆ ನಾನು ನಿಂತಲ್ಲಿ ನಿಲ್ಲುತ್ತಿದ್ದಳು, ನಾನು ಇಳಿದಾಗ ಇಳಿಯುತ್ತಿದ್ದಳು. ನಾನು ಎಡವಿ ಬಿದ್ದರೆ ಅವಳ ಮೇಲೇ ಬೀಳಬೇಕು, ಹಾಗೆ.

"ಮುಂದೆ ಹೋಗೇ!" ಎಂದು ಕಿರುಚಿದೆ.

ಹೋಗಲಿಲ್ಲ. ಅಲ್ಲೇ ನಿಂತಿದ್ದಳು.